ಮೇಣದ ಹಲ್ಲು

ನಲವತ್ತೊಂದನೆಯ ದಿನ.
ಶಾರ್ಜಾದ ರೋಲಾದಲ್ಲಿ, ಮೂರನೇ ಮಹಡಿಯಲ್ಲಿ,
ಆರು ಹೆಂಗಸರ ಕೋಣೆಯ ಕೆಳಗಿನ ಮಂಚ ನನ್ನದು.
ಪರದೆ ಎಳೆದರೆ ಮನೆ, ಸರಿಸಿದರೆ ಓಣಿ.
ಮೇಲೆ ಮಲಗುವ ವಾಂಬುಯಿ ಹೊರಳಿದಾಗೆಲ್ಲ
ನನ್ನ ಆಕಾಶ ಕಿರ್ರೆನ್ನುತ್ತದೆ.

ವೀಸಾ ಅರವತ್ತು ದಿನದ್ದು.
ಉಳಿದದ್ದೆಷ್ಟು ಎಂದು ಕೇಳಬೇಡಿ.
ಲೆಕ್ಕ ಬಾರದವಳಲ್ಲ, ಕೂದಲೆಳೆಯಷ್ಟು ತಪ್ಪಿದರೂ
ಮೇಲಿನ ಹಲ್ಲು ಕೆಳಗಿನದಕ್ಕೆ ಕೂರದು
ಎಂದು ಕಲಿತ ಕೈ ಇದು.

ನಾನು ಹಲ್ಲು ಮಾಡುತ್ತೇನೆ.
ಡಾಕ್ಟರಲ್ಲ. ಡಾಕ್ಟರ ಹಿಂದಿನ ಕೋಣೆಯವಳು.
ದಾವಣಗೆರೆಯಲ್ಲಿ ಹನ್ನೊಂದು ವರ್ಷ
ಕಾಣದ ಮುಖಗಳಿಗೆ ನಗು ಕೆತ್ತಿ ಕಳಿಸಿದವಳು.
ಮೇಣ ಕಾಯಿಸು, ಹನಿ ಇಳಿಸು, ತಣಿಯಲಿ, ಕೆರೆ.
ದವಡೆ ಹಲ್ಲಿಗೆ ನಾಲ್ಕು ಗುಡ್ಡ, ನಡುವೆ ಕಣಿವೆ,
ಅನ್ನ ಸಿಕ್ಕಿಕೊಳ್ಳದಂತೆ, ನಾಲಗೆ ಬೈಯದಂತೆ.

ಇಲ್ಲಿ ಯಂತ್ರ ಕೆತ್ತುತ್ತದೆ.
ಅಲ್ ನಹ್ದಾದ ಲ್ಯಾಬಿನಲ್ಲಿ ನೋಡಿದೆ:
ಗಾಜಿನ ಪೆಟ್ಟಿಗೆಯೊಳಗೆ ಪುಡಿ ಹಾರುತ್ತ
ಬಿಳಿ ಬಿಲ್ಲೆಯಿಂದ ಹಲ್ಲುಗಳು ಎದ್ದು ಬರುತ್ತಿದ್ದವು,
ಸುಸ್ತಿಲ್ಲ, ಚಹಾ ಇಲ್ಲ, ಶುಕ್ರವಾರವಿಲ್ಲ.
ಮ್ಯಾನೇಜರ್ ಸಿರಿಯಾದವರು, ಒಳ್ಳೆಯವರು,
ನಾನೊಯ್ದ ಮೇಣದ ಹಲ್ಲನ್ನು ಕಿಟಕಿಗೆ ಹಿಡಿದು
ಬಹಳ ಹೊತ್ತು ನೋಡಿದರು.
ನನ್ನ ತಂದೆ ಹೀಗೇ ಮಾಡುತ್ತಿದ್ದರು, ಎಂದರು.
ಕಂಪ್ಯೂಟರಿನಲ್ಲಿ ಬರುತ್ತದೆಯೇ, ಎಂದರು.
ಹಲ್ಲು ಮರಳಿ ಕೊಡಲಿಲ್ಲ.
ನಾನೂ ಕೇಳಲಿಲ್ಲ.

ಬೇರೆ ಕೆಲಸಗಳಿವೆ, ಇಲ್ಲವೆಂದಲ್ಲ.
ಅತ್ತರಿನ ಅಂಗಡಿ, ಹತ್ತು ತಾಸು ನಿಂತೇ ಇರಬೇಕು.
ಕ್ಲಿನಿಕ್ಕಿನ ಮುಂದಿನ ಮೇಜು, ಅರಬಿ ಬಂದರೆ.
ಒಬ್ಬ ಫೋನಿನಲ್ಲಿ, ಪೂರ್ತಿ ನಿಂತಿರುವ ಫೋಟೋ ಕಳಿಸು ಅಂದ.
ಹಲ್ಲಿನ ಕೆಲಸಕ್ಕೆ ಕಾಲು ಯಾಕಪ್ಪ ಅಂದೆ.
ಇಟ್ಟುಬಿಟ್ಟ.

ನಿನ್ನೆ ಸಲಾಲಾದಿಂದ ಗಂಗೊಳ್ಳಿಯ ಬಾಪು ಸಾಹೇಬರ ದನಿ:
"ಇಲ್ಲಿ ಇನ್ನೂ ಕೈಯಲ್ಲೇ ಮಾಡುದು ಮುಬೀನಾ,
ಯಂತ್ರ ತಕೊಳ್ಳುವಷ್ಟು ಹಲ್ಲು ಬೀಳುದಿಲ್ಲ ಈ ಊರಲ್ಲಿ."
ಕೋಣೆ ಒಬ್ಬಳಿಗೇ. ಸಂಬಳ ಕಡಿಮೆ, ಆದರೆ ರಿಯಾಲಿನಲ್ಲಿ.
ಮಸ್ಕತ್ತಿಗೆ ಹೋಗಿ, ಅಲ್ಲಿಂದ ಮತ್ತೆ ಹನ್ನೆರಡು ತಾಸು ಬಸ್ಸು,
ದಾರಿಯುದ್ದಕ್ಕೂ ಏನೂ ಇಲ್ಲ, ಎಂದರು,
ಏನೂ ಇಲ್ಲ ಎಂಬುದನ್ನೇ ಒಂದು ಊರಿನ ಹೆಸರಿನಂತೆ.
ಎಷ್ಟು ವರ್ಷ ನಡೆಸುತ್ತೀರಿ ಇದನ್ನು, ಕೇಳಿದೆ.
"ನಾನಿರುವಷ್ಟು ದಿನ." ನಕ್ಕರು. ಆಮೇಲೆ ಕೆಮ್ಮಿದರು.
ವಯಸ್ಸು ಕೇಳುವುದು ಹೇಗೆ?

ಮರಳು ನನಗೆ ಹೊಸತಲ್ಲ.
ಅಪ್ಪ ಮಂಡಕ್ಕಿ ಭಟ್ಟಿಯವನು,
ಕಾದ ಮರಳಿಗೆ ಅಕ್ಕಿ ಸುರಿದು, ಎರಡು ಸಲ ಆಡಿಸಿ
ಜರಡಿಗೆ ಎತ್ತುತ್ತಿದ್ದ.
ಒಂದುಸಿರು ಮುಂಚೆಯಾದರೆ ಗಟ್ಟಿ, ತಡವಾದರೆ ಕಪ್ಪು.
ಹೇಗೆ ಗೊತ್ತಾಗ್ತದೆ ಅಂದರೆ
"ಸದ್ದು ಮಾಡ್ತಾವಲ್ಲ" ಅನ್ನುತ್ತಿದ್ದ,
ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡು.
ನಾನೂ ಕಣ್ಣು ಮುಚ್ಚುತ್ತೇನೆ.
ಎ.ಸಿ. ಗೊರಗುಟ್ಟುವುದಷ್ಟೇ ಕೇಳುತ್ತದೆ.

ಸಂಜೆ ಬಸ್‌ ನಿಲ್ದಾಣಕ್ಕೆ ಹೋದೆ, ಸುಮ್ಮನೆ, ದರ ಕೇಳಲು.
ಹೋಗುವುದಷ್ಟೇನಾ, ಬರುವುದೂ ಸೇರಿಸಲಾ,
ಕಿಟಕಿಯಾಚೆಯವನು ಹಿಂದಿಯಲ್ಲಿ ಕೇಳಿದ.
ನಮ್ಮ ಕಡೆ ಹೊಸ್ತಿಲಲ್ಲಿ ನಿಂತು
ಹೋಗ್ತೀನಿ ಅಂತ ಯಾರೂ ಅನ್ನುವುದಿಲ್ಲ.
ಬಾಯಿಗೆ ಬಂದದ್ದೂ ಅದೇ: ಹೋಗಿ ಬರ್ತೀನಿ.
ಅವನಿಗೆ ತಿಳಿಯಲಿಲ್ಲ. ನನ್ನ ಹಿಂದಿದ್ದವರು ಮುಂದೆ ಬಂದರು.

ಈಗ ರಾತ್ರಿ. ಪರದೆಯೊಳಗೆ ಫೋನಿನ ಬೆಳಕು,
ಲೈಟರ್, ಸಣ್ಣ ಚೂರಿ, ನೀಲಿ ಮೇಣದ ಕಡ್ಡಿ.
ಮೇಲಿನಿಂದ ತಲೆಕೆಳಗಾಗಿ ವಾಂಬುಯಿಯ ಮುಖ:
ಯಾರ ಹಲ್ಲು ಅದು?
ಬಾಯಿ ಇನ್ನೂ ಸಿಕ್ಕಿಲ್ಲ, ಅಂದೆ.
ಅವಳು ನಕ್ಕಳು. ನಾನು ನೋಡಿದೆ:
ಎಡಗಡೆ, ಮೇಲೆ, ಹಿಂದಿನಿಂದ ಮೂರನೆಯದು
ಇಲ್ಲ.