ಲೆಕ್ಕ ಸರಿ

ಪೀಣ್ಯ ಎರಡನೇ ಹಂತ, ಲೇತ್ ಶಾಪಿನ ಮೇಲ್ಮಹಡಿ.
ಮೆಟ್ಟಿಲ ತುಂಬ ಕಬ್ಬಿಣದ ಸುರುಳಿಚೂರು, ಎಣ್ಣೆಯ ಕಮಟು.
ಸಣ್ಣ ಕಂಪನಿ. ಹದಿನಾಲ್ಕು ಜನ, ಒಂದು ಏಸಿ,
ಅದೂ ಕೆಟ್ಟಿತ್ತು.
ಅಳಿಯ ಹೇಳಿದ್ದ: "ಮಾವ, ಷೇರು ನಲವತ್ತೆರಡಕ್ಕಿದೆ,
ಮೂರು ರಾಜ್ಯದ ಜೈಲಿಗೆ ಟೆಂಡರು ಹಾಕಿದ್ದಾರೆ.
ಈ ಬಾಬತ್ತು ನಿಮಗಿಂತ ಬಲ್ಲವರು ಯಾರು?"

ಬಲ್ಲೆ.
ಹಳೇ ಜೈಲಿನಲ್ಲಿ ಆರು ವರ್ಷ, ಅಗ್ರಹಾರದಲ್ಲಿ ಇಪ್ಪತ್ತೈದು,
ಬೆಳಿಗ್ಗೆ ಒಮ್ಮೆ, ಸಂಜೆ ಬೀಗಕ್ಕೆ ಮುಂಚೆ ಒಮ್ಮೆ
ತಲೆ ಎಣಿಸಿದವನು.
ಒಂದು ಕಡಿಮೆ ಬಂದರೆ ಊಟವಿಲ್ಲ, ಅವರಿಗೂ ನನಗೂ.
ಮಗಳ ಮದುವೆಯಲ್ಲಿ ಪಂಕ್ತಿಗೆ ಕೂತವರನ್ನು ನೋಡಿ
ನಾಲಿಗೆ ತಾನಾಗಿ "ಜೋಡಿ, ಜೋಡಿ" ಅಂದಿತ್ತು.

ಹುಡುಗನ ಹೆಸರು ನಿಶ್ಚಲ. ಗಡ್ಡ ಇನ್ನೂ ಅಲ್ಲಲ್ಲಿ.
ಕಾಗದ ಮುಂದಿಟ್ಟ: ತಲೆಗೆ ದಿನಕ್ಕೆ ಹದಿನೇಳು ರೂಪಾಯಿ ಆದಾಯ.
ತಲೆ ಎಂದೇ ಬರೆದಿದ್ದ.
ಕೊನೆಯ ಪುಟದಲ್ಲಿ ಅಪಾಯಗಳು.
ಸರ್ಕಾರ ಬಿಲ್ಲು ತಡಮಾಡಬಹುದು.
ಚಿಪ್ ಸಿಗದೆ ಹೋಗಬಹುದು.
ವಿಚಾರಣಾಧೀನ ಕೈದಿಗಳಿಗೆ ಜಾಮೀನು ಸುಲಭವಾಗಬಹುದು.
ಅದನ್ನು ಎರಡು ಸಲ ಓದಿದೆ,
ಕನ್ನಡಕ ಒರೆಸಿ ಇನ್ನೊಂದು ಸಲ.

"ಕಟ್ಟಿಕೊಂಡು ನೋಡಿ ಸಾರ್. ನಾಳೆ ಬಿಚ್ಚೋಣ."
ನೆಲಕ್ಕೆ ಕೂತು ನನ್ನ ಕಾಲಿಗೆ ಪಟ್ಟಿ ತೊಡಿಸಿದ,
ಮದುಮಗಳಿಗೆ ಕಾಲುಂಗುರ ಇಡುವಷ್ಟು ನಯವಾಗಿ.

ಮರುದಿನ ಪರದೆಯ ಮೇಲೆ ಇಡೀ ಬೆಂಗಳೂರು,
ಅದರೊಳಗೆ ನಾನು, ಸಾಸಿವೆಯಷ್ಟು ಕೆಂಪು.
ಜಾಲಹಳ್ಳಿ ಕ್ರಾಸು, ಮೆಜೆಸ್ಟಿಕ್ಕು, ಶಾಂತಿನಗರ.
"ನೀಲಸಂದ್ರದಲ್ಲಿ ಹನ್ನೊಂದು ನಿಮಿಷ ನಿಂತಿದ್ದೀರಿ ಸಾರ್.
ಏನಿದೆ ಅಲ್ಲಿ?"
"ನೆರಳು," ಅಂದೆ.

ನೆರಳೂ ಇತ್ತು, ಹೊಂಗೆಮರದ್ದು. ಕೆಳಗೆ ಇಸ್ತ್ರಿಗಾಡಿ.
ಸಂಪಂಗಮ್ಮ ಯಾರದೋ ಬಿಳಿ ಅಂಗಿಯ ಕಾಲರು ತೀಡುತ್ತಿದ್ದಳು.
ಅವಳಿಗೆ ನನ್ನ ಗುರುತಿಲ್ಲ; ಆವತ್ತು ಅವಳು ನೋಡಿದ್ದು ಖಾಕಿಯನ್ನು.
ಗಂಡ ಮುನಿಆಂಜಿನಪ್ಪ, ಆಟೋ ಬ್ಯಾಟರಿ ಕದ್ದ ಕೇಸು.
ಜಾಮೀನು ಆಗಿತ್ತು. ಐದು ಸಾವಿರಕ್ಕೆ ಶೂರಿಟಿ ಹುಟ್ಟಲಿಲ್ಲ.
ಎರಡು ವರ್ಷ ನಾಲ್ಕು ತಿಂಗಳು ನನ್ನ ಲೆಕ್ಕದಲ್ಲಿದ್ದ.
ಒಂದು ಬೆಳಿಗ್ಗೆ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗೇ ಇದ್ದ.
ಜ್ವರವಿರಬೇಕು ಎಂದುಕೊಂಡು ಎಣಿಸಿದೆ,
ರಿಜಿಸ್ಟರಿನಲ್ಲಿ ಬರೆದೆ: ಲೆಕ್ಕ ಸರಿ.
ಸರಿಯೇ ಇತ್ತು.
ಹತ್ತು ಗಂಟೆಗೆ ಡಾಕ್ಟರು ಬಂದು
ನಡುರಾತ್ರಿಯೇ ಹೋಗಿದೆ ಅಂದರು.

"ಇದಕ್ಕೆ ನಾಡಿ ಗೊತ್ತಾಗುತ್ತೇನಪ್ಪ?"
"ಆ ಮಾಡೆಲ್ಲೂ ಇದೆ ಸಾರ್, ನಿಂತರೆ ಕೂಗುತ್ತೆ.
ಪಟ್ಟಿಗೆ ಇನ್ನೂರ ಎಂಬತ್ತು ಜಾಸ್ತಿ.
ಯಾರೂ ಕೇಳಿಲ್ಲ. ಎಲ್ಲರಿಗೂ ಸಾದಾದ್ದೇ ಸಾಕು,
ಅದರಲ್ಲೇ ನಮಗೂ ಲಾಭ."

ಗ್ರಾಚ್ಯುಟಿಯಲ್ಲಿ ಎರಡು ಲಕ್ಷ ಹಾಕಿದೆ.
ಯಾಕೆ ಎಂದ ಹೆಂಡತಿಗೆ ಬ್ಯಾಂಕಿನ ಬಡ್ಡಿ ಇಳಿದಿದೆ ಅಂದೆ,
ಅದೂ ಸುಳ್ಳಲ್ಲ.
ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಪೇಟೆ ಮುಚ್ಚುವಾಗ ಒಮ್ಮೆ
ಫೋನಿನಲ್ಲಿ ನೋಡುತ್ತೇನೆ. ನಲವತ್ತೆರಡು ಅರವತ್ತೊಂದಾಗಿದೆ.
ಜೈಲುಗಳು ತುಂಬಿ ತುಳುಕುತ್ತಿವೆ ಎಂದು ಪೇಪರಿನಲ್ಲಿ ಬಂದ ದಿನ
ಒಂದೂವರೆ ರೂಪಾಯಿ ಏರಿತು.
ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡು
ಕುಡಿದೇಬಿಟ್ಟೆ, ಷುಗರ್ ಇದ್ದವನು.

ಪಟ್ಟಿ ಬಿಚ್ಚುವಾಗ ನಿಶ್ಚಲ ಹೇಳಿದ್ದ:
"ಓಡಾಟದ ದಾಖಲೆ ತೊಂಬತ್ತು ದಿನ ಇರುತ್ತೆ ಸಾರ್,
ಆಮೇಲೆ ತಾನೇ ಅಳಿಸಿಹೋಗುತ್ತೆ."
ಇವತ್ತಿಗೆ ಎಂಬತ್ತೆಂಟು.
ಹೊಂಗೆಮರದಡಿಯ ಹನ್ನೊಂದು ನಿಮಿಷ
ಪೀಣ್ಯದ ಯಾವುದೋ ಪೆಟ್ಟಿಗೆಯಲ್ಲಿ ಇನ್ನೂ ನಿಂತಿರಬೇಕು.

ಎರಡು ಅಂಗಿ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದೇನೆ.
"ಬೀದಿ ಕೊನೆಯಲ್ಲೇ ಇಸ್ತ್ರಿಯವನಿದ್ದಾನಲ್ಲ,"
ಅನ್ನುತ್ತಾಳೆ ಹೆಂಡತಿ.