ಲಗೇಜ್ ಟಿಕೆಟ್

ಹನ್ನೊಂದು ವರ್ಷ ಈ ಗುಡ್ಡವನ್ನು
ಕಿಟಕಿಯಲ್ಲಷ್ಟೇ ಕಂಡವನು ನಾನು.
ಪೆರೇಸಂದ್ರ ಕ್ರಾಸಿಗೂ ಗುಡಿಬಂಡೆಗೂ ನಡುವೆ
ಚಿಲ್ಲರೆ ಎಣಿಸುವಾಗ ಎಡಗಡೆ ಬಂದು
ಎಣಿಸಿ ಮುಗಿಯುವುದರಲ್ಲಿ ಹೋಗಿಬಿಡುತ್ತಿತ್ತು.
ಅದಕ್ಕೊಂದು ಸ್ಟೇಜಿಲ್ಲ, ದರವಿಲ್ಲ.
ಅಲ್ಲಿ ಇಳಿಯುವವಳು ಒಬ್ಬಳೇ, ಗಂಗುಲಮ್ಮ,
ಕೈಯಲ್ಲಿ ಮೊಳದುದ್ದದ ಹಾರೆ.
"ಇದಕ್ಕೂ ಟಿಕೆಟ್ ಹರೀತೀಯೇನಪ್ಪ?"

ವಾರದ ರಜೆ ಮಂಗಳವಾರ. ಒಂದು ಮಂಗಳವಾರ
ಖಾಕಿ ಕಳಚಿಟ್ಟು ಅವಳ ಹಿಂದೆ ಇಳಿದೆ.
ಡ್ರೈವರ್ ಚೌಡಪ್ಪ ಹಾರ್ನು ಹೊಡೆದು ನಕ್ಕ.

ಮೊದಲ ಪಾಠದಲ್ಲಿ ಬೇರೂ ಇಲ್ಲ, ಬಳ್ಳಿಯೂ ಇಲ್ಲ.
"ಸುಮ್ಕಿರು" ಅಂದಳು. ಅಷ್ಟೆ.
ಸುಮ್ಮನಿರುವುದು ನನಗೆ ಬಾರದ ಕಸುಬು,
ಬಾಯಲ್ಲಿ ಸದಾ ಒಂದು ಸೀಟಿ,
ಮುಂದೆ ಹೋಗಿ, ಒಳಗೆ ಹೋಗಿ, ಯಾರ್ರೀ ಟಿಕೆಟ್.
ಬಂದರಿಕೆ ಪೊದೆಯ ಮಗ್ಗುಲಲ್ಲಿ ಕೂರಿಸಿದಳು.
ಬಹಳ ಹೊತ್ತಿನ ಮೇಲೆ ಕೌಜುಗವೊಂದು
ಮೂರು ಮರಿಗಳನ್ನು ನನ್ನ ಚಪ್ಪಲಿಯ ಮುಂದೆಯೇ
ದಾಟಿಸಿಕೊಂಡು ಹೋಯಿತು, ನಾನೊಂದು ಕಲ್ಲೆಂಬಂತೆ.
ಜೀವಮಾನದಲ್ಲಿ ಯಾರೂ ನನ್ನನ್ನು
ಅಷ್ಟು ಚೆನ್ನಾಗಿ ಕಡೆಗಣಿಸಿರಲಿಲ್ಲ.

ಆಮೇಲೆ ಕರಡಿಯ ಲೆಕ್ಕ:
ಕೆದರಿದ ಹುತ್ತದ ಮಣ್ಣು ಒದ್ದೆಯಿದ್ದರೆ ವಾಪಸ್ಸು,
ಒಣಗಿ ಬಿಳಿಚಿದ್ದರೆ ಮುಂದಕ್ಕೆ,
ಗೆದ್ದಲು ಮತ್ತೆ ಮೆತ್ತಿ ಕಟ್ಟಿದ್ದರೆ
ಅಲ್ಲೇ ಕೂತು ಎಲೆಯಡಿಕೆ ಹಾಕಬಹುದು.

ಬಳ್ಳಿ ತೋರಿಸಿದ್ದು ಐದನೆಯ ವಾರ.
ನಾನು ಅದರ ಮೇಲೇ ನಿಂತಿದ್ದೆ.
ಬಂಡೆಯ ಬಿರುಕಿನಿಂದೆದ್ದ ಕೆಂಗಂದು ದಾರ,
ಎದುರುಬದುರು ಎಲೆ, ಚಿವುಟಿದರೆ ಹಾಲು.
ನಮ್ಮ ಬಾಯಲ್ಲಿ ಮಾಗಳಿ, ಅವಳ ಬಾಯಲ್ಲಿ ಮಾರೇಡು.
"ಹೆಸರು ಆಮೇಲೆ ಬರ್ಕೋ. ಮೊದಲು ಮೂಸು."
ಮೂಸಿದೆ.
ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿದ ಹಾಗೆ
ಗುಡ್ಡ ನನ್ನೆದುರು ಬಾಯಿ ತೆರೆಯಿತು.

ಅಗೆಯುವಾಗ ಕಿವಿ ಇರಬೇಕಂತೆ:
ಹಾರೆ ಕಲ್ಲಿಗೆ ತಾಕಿದರೆ ಒಂದು ದನಿ,
ಗಡ್ಡೆಯ ಪಕ್ಕ ಬಂದರೆ ಇನ್ನೊಂದು, ಮೆತ್ತಗೆ.
ನನಗೆ ಎರಡೂ ಒಂದೇ. ಎಳೆದೆ.
ಬುಡಸಮೇತ ಬಂತು, ಐದು ಬೆರಳಿನ ಕೈಯಂತೆ.
ಗೆದ್ದವನ ಹಾಗೆ ಎತ್ತಿ ಹಿಡಿದೆ.

ಗಂಗುಲಮ್ಮ ಬೈಯಲಿಲ್ಲ.
ಕಸಿದುಕೊಂಡು, ಮೂರು ಬೆರಳು ಮುರಿದು ನನ್ನ ಚೀಲಕ್ಕೆ ಹಾಕಿ,
ಎರಡನ್ನು ತಲೆಸಮೇತ ಬಿರುಕಿನಲ್ಲಿ ಮಲಗಿಸಿ,
ಮಣ್ಣು ತಟ್ಟಿ, ತಾನು ಕುಡಿಯಲು ತಂದ ನೀರು ಸುರಿದಳು.
"ಚಿಲ್ಲರೆ ವಾಪಸ್ ಕೊಡಬೇಕು.
ನಿನಗೆ ಗೊತ್ತಿರಬೇಕಲ್ಲ?"

ಗೊತ್ತಿತ್ತು. ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟು
ಮರೆಸಿದ ರೂಪಾಯಿಗಳೂ ಗೊತ್ತಿದ್ದವು.

ಕಾರ್ತಿಕದ ಒಂದು ಶನಿವಾರ, ಮೊದಲ ಟ್ರಿಪ್ಪು.
ಇಬ್ಬರು ಹುಡುಗರು ಎರಡು ಗೋಣಿಚೀಲ ಹತ್ತಿಸಿದರು,
ಚಿಕ್ಕಬಳ್ಳಾಪುರಕ್ಕೆ, ಎರಡು ಲಗೇಜು.
ಮೂಗಿಗೆ ಮೊದಲು ಗೊತ್ತಾಯಿತು.
ಚೀಲದ ಬಾಯಿ ಸರಿಸಿ ನೋಡಿದೆ.
ಎಲ್ಲವೂ ತಲೆಸಮೇತ.
ಕಿರುಬೆರಳಿಗಿಂತ ಸಣ್ಣ ಮರಿಗಡ್ಡೆಗಳು ಕೂಡ.
ಸೀಟಿ ಬಾಯಲ್ಲೇ ಇತ್ತು.
ಹಿಂದಿನಿಂದ ಯಾರೋ, ಹೊತ್ತಾಯ್ತು ಕಣಯ್ಯ, ಅಂದರು.
ಟಿಕೆಟ್ ಹರಿದೆ. ರೈಟ್ ಅಂದೆ.
ಗುಡ್ಡ ಬಲಗಡೆ ಬಂದಾಗ
ಎಣಿಸಿದ ಚಿಲ್ಲರೆಯನ್ನೇ ಮತ್ತೆ ಎಣಿಸುತ್ತಿದ್ದೆ.

ಮಂಗಳವಾರ ಹೋದೆ. ಏನೂ ಹೇಳಲಿಲ್ಲ.
ಅವಳು ನನ್ನ ಬಲಗೈ ಹಿಡಿದು ಮೂಸಿದಳು.
ಮೂರು ದಿನದ ಸೋಪನ್ನು ದಾಟಿಯೂ ಏನೋ ಉಳಿದಿರಬೇಕು,
ಹಾರೆಯನ್ನು ಕಾರೆಗಿಡದ ಬುಡಕ್ಕೆ ಒರಗಿಸಿಟ್ಟಳು.
"ಇವತ್ತು ಅಗೆಯೋದಿಲ್ಲ."

ಬಿರಿದ ಕಾಯೊಂದನ್ನು ಅಂಗೈಗೆ ಹಾಕಿದಳು.
ಒಳಗೆ ಬಿಳಿ ರೇಷ್ಮೆಯ ಕುಚ್ಚು,
ಒಂದೊಂದು ಕುಚ್ಚಿಗೂ ಒಂದು ಬೀಜ.
ಊದುವುದನ್ನೂ ಕಲಿಸಬೇಕಾಯಿತು:
ಸೀಟಿ ಊದಿದಂತಲ್ಲ,
ಮಗುವಿನ ಕಣ್ಣಿನ ಕಸಕ್ಕೆ ಊದಿದಂತೆ.

ಊದಿದೆ. ಗಾಳಿ ತಿರುಗಿತು,
ಅರ್ಧಕ್ಕರ್ಧ ನನ್ನ ಅಂಗಿಗೇ ಅಂಟಿದವು.
ಗಂಗುಲಮ್ಮ ಒಂದೊಂದೇ ಹೆಕ್ಕಿ ಮತ್ತೆ ಕೈಗಿಟ್ಟು
ಬಿರುಕಿರುವ ಬಂಡೆಯ ಕಡೆಗೆ ಭುಜ ತಿರುಗಿಸಿದಳು.
"ಇನ್ನೊಂದ್ ಸಲ."