ಪುಟ ೨೧೪

ದುರ್ಗಿಗುಡಿಯ ಈ ಅಂಗಡಿಗೆ ಮಹಾಪ್ರಬಂಧಗಳು
ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ, ಕೈಬರಹದಲ್ಲಿ.
ಶಂಕರಘಟ್ಟದ ಬಸ್ಸಿನ ಟಿಕೆಟ್ಟೇ ಪುಟದ ಗುರುತು.
ಪುಟಕ್ಕೆ ಹದಿನೆಂಟು ರೂಪಾಯಿ. ಅಡಿಟಿಪ್ಪಣಿಗೆ ಬೇರೆ ದರ ಇಲ್ಲ,
ಇರಬೇಕಿತ್ತು.

ಹೀಗೆ ಬೆರಳ ತುದಿಯಲ್ಲೇ ಲೋಕ ಸುತ್ತಿದವನು ನಾನು:
ಸೂಯೆಜ್ ಕಾಲುವೆಯನ್ನು ಒಂದು ಮಧ್ಯಾಹ್ನ ದಾಟಿದೆ,
ಕರೆಂಟು ಹೋಗಿ ಸೈಪ್ರಸ್‌ನಲ್ಲಿ ಸಿಕ್ಕಿಬಿದ್ದೆ,
ಯುಪಿಎಸ್ ಕೂಗುತ್ತಿತ್ತು.

ನೇತ್ರಾವತಿ ಹುಚ್ಚಪ್ಪ, ಸೊರಬ ತಾಲೂಕು, ರಾಜ್ಯಶಾಸ್ತ್ರ.
ವಿಷಯ: ವಿಶ್ವಸಂಸ್ಥೆಯಲ್ಲಿ ಮತ ಹಾಕದೆ ಉಳಿದ ದೇಶಗಳು.
ಹೌದೆಂದವರು ಇಷ್ಟು, ಇಲ್ಲವೆಂದವರು ಇಷ್ಟು,
ಸುಮ್ಮನೆ ಕೂತವರು ಇಷ್ಟು. ಕೋಷ್ಟಕದ ಮೇಲೆ ಕೋಷ್ಟಕ.
'ತಟಸ್ಥ' ಎಂಬ ಪದವನ್ನು ಆರುನೂರು ಸಲ ಹೊಡೆದೆ,
ಒತ್ತಕ್ಷರ ಎಲ್ಲೂ ಜಾರಲಿಲ್ಲ.
ಆರುನೂರೊಂದನೆಯ ಸಲ ಪದ ತಾನೇ ಬಿಚ್ಚಿಕೊಂಡಿತು:
ತಟದಲ್ಲಿ ನಿಂತವನು.
ಹೊಳೆಗೆ ಇಳಿಯಲೂ ಇಲ್ಲ, ದಾಟಲೂ ಇಲ್ಲ.
ಕಾಲು ಒದ್ದೆಯೋ ಅಲ್ಲವೋ, ಪದಕ್ಕೆ ಗೊತ್ತಿಲ್ಲ.

ಪುಟ ೨೧೪ರಲ್ಲಿ ಮಾತ್ರ ಅವಳ ಅಕ್ಷರ ಓರೆಯಾಗಿತ್ತು,
ಶಾಯಿಯೂ ಬೇರೆ. ಅಲ್ಲಿ ಜಿನೀವಾ ಇರಲಿಲ್ಲ.
ಅವಳೂರಿನ ಪಂಚಾಯ್ತಿ. ಗುಡ್ಡದಲ್ಲಿ ಜಂಬಿಟ್ಟಿಗೆ ಕಲ್ಲು ಕಡಿಯಲು
ಪರವಾನಗಿ ಕೊಡಬೇಕೋ ಬೇಡವೋ ಎಂದು ಸಭೆ.
ಬೇಕು ಐದು, ಬೇಡ ಐದು.
ಹನ್ನೊಂದನೆಯವಳು ಸಣ್ಣತ್ತೆ ಹೂವಮ್ಮ
ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ
ಕೈ ಎತ್ತಲೇ ಇಲ್ಲ.
ಮಗ ಕಲ್ಲಿನ ಲಾರಿಯ ಡ್ರೈವರು. ಕುಡಿಯುವ ಬಾವಿ ಗುಡ್ಡದ ಬುಡದಲ್ಲಿ.
'ಸಣ್ಣತ್ತೆ ನಿಂತಿದ್ದ ಕಡೆ
ಎರಡೂ ದಡ ಕುಸಿಯುತ್ತಿತ್ತು' ಎಂದು ಬರೆದಿದ್ದಳು ನೇತ್ರಾವತಿ.
ಅಧ್ಯಕ್ಷರ ನಿರ್ಣಾಯಕ ಮತಕ್ಕೆ ಗುಡ್ಡ ಹೋಯಿತು.

ಗೈಡು ಕೆಂಪು ಗೆರೆ ಎಳೆದಿದ್ದರು:
ಇದು ಅಂತರರಾಷ್ಟ್ರೀಯ ಅಲ್ಲ. ಆಕರ ಯಾವುದು? ತೆಗೆಯಿರಿ.
ಅವಳು ಕೌಂಟರಿನ ಮುಂದೆ ನಿಂತು ಸ್ವಲ್ಪ ಹೊತ್ತು
ಝೆರಾಕ್ಸ್ ಯಂತ್ರದ ಬೆಳಕು ಹೋಗಿ ಬರುವುದನ್ನು ನೋಡಿದಳು.
'ತೆಗೀರಿ ಅಣ್ಣ' ಅಂದಳು.
ಆಮೇಲೆ, 'ನೀವೇನಂತೀರಿ?'

ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.
ನನ್ನ ಕೆಲಸ ಕಾಗುಣಿತ.
'ಪುಟಸಂಖ್ಯೆ ಬದಲಾಗುತ್ತೆ' ಅಂದೆ,
'ಪರಿವಿಡಿ ಮತ್ತೆ ಹಾಕಬೇಕು.'

ಮೌಖಿಕ ಪರೀಕ್ಷೆ ಆಯಿತಂತೆ, ಹೊರಗಿನಿಂದ ಬಂದವರು ಮೆಚ್ಚಿದರಂತೆ.
ಪೇಡೆಯ ಪೊಟ್ಟಣ ಕೊಟ್ಟು, ಚಿಲ್ಲರೆ ಬೇಡವೆಂದು ಹೋದಳು.
ರಟ್ಟಿನ ಮೇಲೆ ಬಂಗಾರದ ಅಕ್ಷರ. ಒಳಗೆ ೨೧೪ ಈಗಲೂ ಇದೆ,
ಅಲ್ಲೀಗ ಫಿನ್‌ಲ್ಯಾಂಡ್.

ಹಳೆಯ ಪುಟ ನನ್ನ ಕಂಪ್ಯೂಟರಿನಲ್ಲಿದೆ,
'ಹೆಸರಿಲ್ಲದ್ದು ೩' ಎಂಬ ಕಡತದಲ್ಲಿ.
ಗಿರಾಕಿ ಇಲ್ಲದ ಹೊತ್ತು ತೆರೆದು
ಹೂವಮ್ಮನ ಮುಂದೆ ಒಂದು ಅಲ್ಪವಿರಾಮ ಇಡುತ್ತೇನೆ, ತೆಗೆಯುತ್ತೇನೆ.
ಮುಚ್ಚಲು ಹೋದರೆ ಯಂತ್ರ ಕೇಳುತ್ತದೆ, ಉಳಿಸಲೇ?
ಹೌದು. ಇಲ್ಲ. ರದ್ದು.
ಮೂರನೆಯದನ್ನು ಒತ್ತುತ್ತೇನೆ.
ಒತ್ತಿದರೆ
ಪುಟ ಮುಚ್ಚುವುದೇ ಇಲ್ಲ.